ಮುಪ್ಪಿಲ್ಲದ ಕರಿಪುಡಿ

ಎಡಗಡೆಯ ಲೋಟದಲ್ಲಿ ಪುಡಿಗೆ ಹರೆಯ ಬರುತ್ತಿತ್ತು. ಬಲಗಡೆಯ ಲೋಟದಲ್ಲಿ ಅದೇ ಪುಡಿ ಮುದಿಯಾಗುತ್ತಿತ್ತು.

ಎರಡೂ ಒಂದೇ ಡಬ್ಬಿಯ ಪುಡಿ. ಬೆಳಿಗ್ಗೆ ಪೊಲೀಸ್ ಕ್ಯಾಪ್ಟನ್ ಕೇಸಿನಿಯ ಕಣ್ಣೆದುರಿಗೇ ಡಬ್ಬಿಯ ಸೀಲು ಒಡೆದು, ಒಂದೇ ಚಮಚದಿಂದ ತೆಗೆದದ್ದು. ಎರಡು ಗಾಜಿನ ಲೋಟದಲ್ಲೂ ಅದೇ ಆಸಿಡ್ ಬೆರೆಸಿದ ನೀರು, ಅದೇ ಆಮ್ಲಜನಕದ ಗುಳ್ಳೆಗಳು. ತುದಿಗೆ ಪುಡಿ ಬಳಿದ ಎರಡು ಕಡ್ಡಿಗಳು ನೀರಿನಲ್ಲಿ ತಲೆಕೆಳಗಾಗಿ ಗಿರ್ರನೆ ತಿರುಗುತ್ತಿದ್ದವು. ಪರದೆಯ ಮೇಲೆ ಎರಡು ಗೆರೆಗಳು ಮೂಡುತ್ತಿದ್ದವು. ಒಂದು, ಸುತ್ತುಸುತ್ತಿಗೂ ಕೂದಲೆಳೆಯಷ್ಟು ಮೇಲೇರುತ್ತಿತ್ತು, ಇನ್ನೊಂದು ಅಷ್ಟೇ ಸದ್ದಿಲ್ಲದೆ ಇಳಿಯುತ್ತಿತ್ತು.

ಕೇಸಿನಿ ಬೂಟು ಬಿಚ್ಚಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದಳು. ಹೊರಗೆ ಚಂತಬುರಿ ಪಟ್ಟಣದ ಮಧ್ಯಾಹ್ನದ ಬಿಸಿಲು ಹಬೆಯಾಗಿ ನದಿಯ ಮೇಲೆ ಕೂತುಬಿಟ್ಟಿತ್ತು. ಆಚೆ ದಡದ ಇಗರ್ಜಿಯ ಜೋಡಿ ಗೋಪುರಗಳು ಅದರಲ್ಲಿ ಅರ್ಧ ಕರಗಿ, ಅರ್ಧ ಉಳಿದಿದ್ದವು. ಗುಳ್ಳೆಗಳ ಗುಳುಗುಳು ಸದ್ದಿಗೆ ಅವಳ ರೆಪ್ಪೆ ಭಾರವಾಗುತ್ತಿತ್ತು. ಕಣ್ಣು ಮುಚ್ಚಿದರೂ ಗೆರೆಗಳು ಕಾಣುತ್ತಿದ್ದವು. ಇಳಿಯುವ ಗೆರೆ ಯಾಕೋ ಠಾಣೆಯಲ್ಲಿ ಕೂಡಿಹಾಕಿದ್ದ ಹುಡುಗಿ ವಿಲಾಸಿನಿಯ ಬಾಗಿದ ಬೆನ್ನಿನ ಹಾಗೆ ಕಾಣಿಸಿ, ಅವಳು ಬೆಚ್ಚಿ ಕಣ್ಣು ತೆರೆದಳು.

ಆಚಾನ್ ಅದಿರೇಕ್, ಈ ಪ್ರಯೋಗಶಾಲೆಯ ಹಿರಿಯ ಮೇಷ್ಟ್ರು, ಎಲ್ಲರ ಬಾಯಲ್ಲೂ ಆಚಾನ್ ಅಂದರೆ ಗುರು, ತಮ್ಮದೇ ಕುಲುಮೆ ಕೋಣೆಯಲ್ಲಿ ಅಮೋನಿಯಾದಿಂದ ಉಸಿರುಗಟ್ಟಿ ಸತ್ತಿದ್ದರು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಚಿಲಕದ ಮೇಲೆ ಸಿಕ್ಕಿದ್ದು ಅವರ ಶಿಷ್ಯೆ ವಿಲಾಸಿನಿಯ ಬೆರಳಚ್ಚು ಒಂದೇ. ಬಾಗಿಲು ತೆಗೆದವಳೂ ಅವಳೇ, ಕೂಗಿಕೊಂಡವಳೂ ಅವಳೇ. ಆ ಗಾಳಿ ಅವಳ ಗಂಟಲನ್ನೂ ಸುಟ್ಟಿತ್ತು. ಮೇಷ್ಟ್ರ ದಹನ ಮುಗಿದ ಮೇಲೆ ದನಿಯೇನೋ ವಾಪಸು ಬಂತು. ಆದರೆ ಚಿಲಕ ಯಾರು ಹಾಕಿದರು ಅಂತ ಕೇಳಿದರೆ ಹುಡುಗಿ ತಲೆ ತಗ್ಗಿಸುತ್ತಿದ್ದಳು, ಅಷ್ಟೆ. ನಾಳೆ ಬೆಳಿಗ್ಗೆ ಅವಳನ್ನು ಕೋರ್ಟಿನ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಕೊಲೆಯ ಆರೋಪ ಅವಳ ಕೊರಳಿಗೇ.

ಕೇಸಿನಿಗೆ ಆ ಹುಡುಗಿ ಕೊಂದಿಲ್ಲ ಅನ್ನುವುದು ಗೊತ್ತಿತ್ತು. ಹೇಗೆ ಗೊತ್ತು ಅಂತ ಮೇಲಿನ ಅಧಿಕಾರಿ ಕೇಳಿದಾಗ ಮಾತ್ರ ಬಾಯಿ ಕಟ್ಟಿತ್ತು. ಇವತ್ತು ಆ ಉತ್ತರ ಎರಡು ಲೋಟದಲ್ಲಿ ಕುದಿಯದೆ, ತಾನಾಗಿಯೇ ತೇಲಿ ಬರುತ್ತಿತ್ತು.

"ಪೀ ಪೂ, ಊಟ ಆಯ್ತಾ?"

ಸರವುತ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲದ ತುಂಬ ಮ್ಯಾಂಗೊಸ್ಟೀನ್ ಹಣ್ಣು. ಮೇಷ್ಟ್ರ ಬಲಗೈ ಆಗಿದ್ದವನು, ಈಗ ಅವರ ಕುರ್ಚಿಗೆ ಹತ್ತಿರದವನು. ಶಾಲೆಯಲ್ಲಿ ಕೇಸಿನಿಗಿಂತ ಎರಡು ತರಗತಿ ಕೆಳಗಿದ್ದ, ಹಾಗಾಗಿ ಇವತ್ತಿಗೂ ಅಕ್ಕನ ಸಲುಗೆಯಲ್ಲಿ ಪೀ ಅನ್ನುತ್ತಾನೆ. ಪೂ ಅವಳ ಮನೆ ಹೆಸರು, ಅಂದರೆ ಏಡಿ. ಹೆಸರು ಏಡಿಯದಾದರೂ ಹಿಡಿತ ಉಡದ್ದು ಅಂತ ಠಾಣೆಯಲ್ಲಿ ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

"ನೀನು ತಿನ್ನು. ನಂಗೆ ಈ ಗೆರೆ ನೋಡ್ತಾ ನೋಡ್ತಾನೇ ಹೊಟ್ಟೆ ತುಂಬಿದೆ."

"ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೀರಂತೆ. ನಿದ್ದೆಗಣ್ಣಲ್ಲಿ ಗೆರೆ ನೋಡಿದ್ರೆ ಬೇರೆ ಏನೇನೋ ಕಾಣುತ್ತೆ, ಹುಷಾರು."

"ಕಾಣ್ತಿದೆ. ಬಾ, ಕೂತ್ಕೋ. ಮೊದಲಿಂದ ಹೇಳು ನೋಡೋಣ. ಬ್ಯಾಂಕಾಕಿನ ದೊಡ್ಡೋರಿಗೆ ಹೇಳೋ ಹಾಗಲ್ಲ, ನನಗೆ ಹೇಳೋ ಹಾಗೆ."

ಅವನು ಕೂತು ಹಣ್ಣು ಸುಲಿಯತೊಡಗಿದ. ಸಿಪ್ಪೆಯ ನೇರಳೆ ಬಣ್ಣ ಬೆರಳಿಗೆ ಹತ್ತುತ್ತಿತ್ತು.

"ದೋಣಿ ಓಡಿಸೋ ಪೆಟ್ಟಿಗೆ ಅಂದ್ಕೊಳ್ಳಿ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಗಾಳಿ. ಗಾಳೀಲಿರೋ ಆಮ್ಲಜನಕ ನೀರಾಗ್ಬೇಕು, ಆಗ ಕರೆಂಟ್ ಬರುತ್ತೆ. ಆದ್ರೆ ಅದು ಮಹಾ ಸೋಮಾರಿ. ಪಕ್ಕದಲ್ಲಿ ಪ್ಲಾಟಿನಂ ನಿಂತ್ಕೊಂಡು ಎಬ್ಬಿಸ್ಬೇಕು."

"ಪ್ಲಾಟಿನಂ ತರೋಕೆ ದೋಣಿನೇ ಮಾರ್ಬೇಕು."

"ಹಾಂ. ಅದಕ್ಕೇ ಆಚಾನ್ ಕಬ್ಬಿಣ ಹಿಡಿದ್ರು. ಇದ್ದಿಲಿನ ಒಳಗೆ ನಾಲ್ಕು ಸಾರಜನಕ ಕೈ ಕೈ ಹಿಡಿದು ಕೂತಿರುತ್ವೆ, ನಡುವೆ ಒಂದೇ ಒಂದು ಕಬ್ಬಿಣದ ಪರಮಾಣು. ಅಮೋನಿಯಾ ಬಿಟ್ಟು ಸುಟ್ರೆ ಅದು ಹಾಗೆ ಕೂರುತ್ತೆ. ಜಗತ್ತಲ್ಲಿ ಎಷ್ಟೋ ಜನ ಈ ಪುಡಿ ಮಾಡ್ತಾರೆ ಪೀ. ಎಲ್ಲರ ಪುಡಿನೂ ಆಸಿಡ್ಡಲ್ಲಿ ಸವೆದು ಹೋಗುತ್ತೆ."

"ನಿಮ್ಮದು ಮಾತ್ರ ದಿನಾ ಹರೆಯಕ್ಕೆ ಬರುತ್ತೆ."

ಅವನು ಸುಲಿದ ಹಣ್ಣನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಎಡಗಡೆ ಲೋಟದಲ್ಲಿ ಪುಡಿಯ ಜೊತೆ ಇನ್ನೇನು ಇದೆ, ಸರವುತ್?"

"ತಂತಿ. ಕರೆಂಟ್ ಒಂದು ಕಡೆಯಿಂದ ಹೋದ್ರೆ ಇನ್ನೊಂದು ಕಡೆಯಿಂದ ಬರ್ಬೇಕಲ್ಲ, ಅದಕ್ಕೆ."

"ಯಾವುದರ ತಂತಿ?"

ಅವನು ಚಾಚಿದ ಕೈ ಹಿಂತೆಗೆದುಕೊಂಡ. ಗುಳ್ಳೆಗಳು ಮೇಲೆದ್ದು ಒಡೆಯುತ್ತಿದ್ದವು.

"ಪ್ಲಾಟಿನಂ," ಅಂದ.

"ಬಲಗಡೆ?"

"ಗ್ರಾಫೈಟ್ ಕಡ್ಡಿ. ಪೆನ್ಸಿಲ್ ಒಳಗಿರುತ್ತಲ್ಲ, ಅದು."

"ನಿಮ್ಮ ಕೆಲಸದಲ್ಲಿ ಯಾವುದು ಹಾಕ್ಬೇಕು ಅಂತ ನಿಯಮ?"

"ನಿಮಗೆ ಗೊತ್ತಿದ್ದೇ ಕೇಳ್ತಿದ್ದೀರ."

ಹೌದು, ಅವಳಿಗೆ ನಿನ್ನೆ ರಾತ್ರಿಯೇ ಗೊತ್ತಾಗಿತ್ತು. ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಸುಮ್ಮನೆ ಮಾತಿಗೆ ಅಂತ ಎತ್ತಿದ್ದಳು. ಅಪ್ಪ ಸಂಗ್ವಿಯನ್ ಈ ಊರಿನ ಹಳೇ ಕಲ್ಲು ಸುಡುವ ಕಸುಬಿನವನು. ಮಂಕಾದ ನೀಲದ ಹರಳುಗಳನ್ನು ಕುಲುಮೆಯಲ್ಲಿಟ್ಟು ಬಣ್ಣ ಬರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅನ್ನಕ್ಕೆ ಏಡಿಯ ಸಾರು ಸುರಿದುಕೊಳ್ಳುತ್ತ ಅವನು ಒಂದು ಹಳೇ ಕತೆ ಹೇಳಿದ. ಒಂದು ಕಾಲಕ್ಕೆ ನೀಲಗಳು ಕುಲುಮೆಯಿಂದ ಸಂಜೆಯ ಆಕಾಶದ ಬಣ್ಣ ತಾಳಿ ಬರತೊಡಗಿದವಂತೆ. ಊರಿಗೆ ಊರೇ ಬೆರಗಾಯಿತು. ಯಾವ ದೇವರ ವರವೋ ಅಂತ ಪೂಜೆಯೂ ಆಯಿತು. ಕೊನೆಗೆ ನೋಡಿದರೆ ಬೇರೆ ಜಾತಿಯ ಒಂದು ಹರಳು ಕಣ್ತಪ್ಪಿ ಕಲ್ಲು ಸುಡುವ ಅದೇ ಮೂಸೆಯಲ್ಲಿ ಬಿದ್ದಿತ್ತು.

"ಕಲ್ಲಿಗೆ ಬಣ್ಣ ತಾನಾಗೇ ಬರಲ್ಲ ಮಗಳೇ," ಅಂದಿದ್ದ ಅಪ್ಪ. "ಮೂಸೇಲಿ ಪಕ್ಕದಲ್ಲಿ ಯಾರು ಕೂತಿದ್ರು, ಅದನ್ನ ನೋಡು."

ಅಷ್ಟು ಸಾಕಾಯಿತು. ಬೆಳಗಾಗುವ ಹೊತ್ತಿಗೆ ಕೇಸಿನಿ ಲೋಟದಲ್ಲಿ ಪುಡಿಯ ಪಕ್ಕ ಏನಿರಬೇಕು ಅಂತ ಓದಿಕೊಂಡು, ಎರಡು ಲೋಟ ಕೇಳಿ ಪಡೆದಿದ್ದಳು.

"ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತಾರೆ," ಅಂದಳು ಅವಳು ಈಗ. "ಇಲ್ಲಿ ಸಹವಾಸದಿಂದ ಕಬ್ಬಿಣ ಉದ್ಧಾರ ಆಗಿದೆ. ತಂತಿಯಿಂದ ಪ್ಲಾಟಿನಂ ಇಷ್ಟಿಷ್ಟೇ ನೀರಿಗೆ ಬಿಡುತ್ತೆ, ಬಂದು ಪುಡಿ ಮೇಲೆ ಕೂರುತ್ತೆ. ಕೆಲಸ ಪ್ಲಾಟಿನಂದು, ಹೆಸರು ಕಬ್ಬಿಣದ್ದು. ತಪ್ಪಿದ್ರೆ ಹೇಳು."

"ತಪ್ಪಿಲ್ಲ."

"ಹಾಗಾದ್ರೆ ಮುಂದಿನದೂ ಕೇಳು. ಬೋಟ್ ಕಂಪನಿಯೋರು ಪುಡಿ ಕೊಳ್ಳೋ ಒಪ್ಪಂದಕ್ಕೆ ಸಹಿ ಹಾಕೋಕೆ ತಯಾರಾಗಿದ್ದಾರೆ. ಪುಡಿ ಸುಳ್ಳು ಅಂತ ಗೊತ್ತಾದ್ರೆ ನಿನ್ನ ಕನಸೆಲ್ಲ ನೀರಲ್ಲಿ ಹೋಮ. ತಂತಿ ಹಾಕಿದ್ದು ನೀನು. ಆಚಾನ್ ಅದನ್ನ ಕಂಡು ಹಿಡಿದ್ರು. ಅವತ್ತು ಅವರು ಒಳಗೆ ಸುಡೋಕೆ ಹೋದಾಗ ಚಿಲಕ ಹಾಕಿದ್ದೂ ನೀನು."

ಈ ಮಾತಿಗೆ ಅವನು ಏಳುತ್ತಾನೆ, ಬೈಯುತ್ತಾನೆ, ವಕೀಲನ ಹೆಸರು ಎತ್ತುತ್ತಾನೆ ಅಂತ ಕೇಸಿನಿ ಕಾದಳು. ಅವನು ಹಣ್ಣಿನ ಬಿಳಿ ತೊಳೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದ. ಬೀಜವನ್ನು ಸಿಪ್ಪೆಯ ಬಟ್ಟಲಲ್ಲಿ ಉಗಿದ.

"ಮೂರೂ ತಪ್ಪು, ಪೀ. ನನ್ನ ನಿಜವಾದ ತಪ್ಪು ನೀವು ಹೇಳಲೇ ಇಲ್ಲ."

"ನೀನೇ ಹೇಳು."

"ತಂತಿ ನಾನು ನೋಡಿದ್ದೆ. ಕಳೆದ ಸೊಂಕ್ರಾನ್ ಹಬ್ಬಕ್ಕೂ ಮುಂಚಿಂದ ದಿನಾ ನೋಡ್ತಿದ್ದೆ. ಗ್ರಾಫೈಟ್ ಇರ್ಬೇಕಾದ ಜಾಗದಲ್ಲಿ ಪ್ಲಾಟಿನಂ ಹೊಳೀತಾ ಇತ್ತು. ಈ ಕೆಲಸ ಕಲಿಯೋ ಮಕ್ಕಳಿಗೂ ಅದು ಗೊತ್ತಾಗುತ್ತೆ."

"ನೋಡಿ ಸುಮ್ನಿದ್ಯಾ?"

"ಆಚಾನ್ ಮುಂದೆ ಯಾರು ಬಾಯಿ ಬಿಡ್ತಾರೆ? ಅವರೇ ಏನೋ ಯೋಚನೆ ಮಾಡಿ ಹಾಕಿಸಿರ್ತಾರೆ ಅಂದ್ಕೊಂಡೆ. ಕೇಳಿದ್ರೆ ಅವರನ್ನ ಅನುಮಾನಿಸಿದ ಹಾಗಾಗುತ್ತೆ."

"ಅವರ ಕಣ್ಣಿಗೆ ಬೀಳಲಿಲ್ವಾ?"

"ಅವರು ಲೋಟದ ಹತ್ರ ಬರ್ತಿರ್ಲಿಲ್ಲ. ಮೇಲೆ ಕೂತು ಗೆರೆ ನೋಡ್ತಿದ್ರು. ಕೆಳಗೆ ನಾವಿದ್ದೀವಿ ಅನ್ನೋ ನಂಬಿಕೆ."

ಕೇಸಿನಿಗೆ ಅವನ ಮೇಲೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ, ಅವನು ನಿಜ ಹೇಳುತ್ತಿದ್ದಾನೆ ಅನ್ನುವ ಭಯವೂ ಬಂತು. ಈ ಊರಿನಲ್ಲಿ ಜ್ವರ ನೆಗಡಿಗಿಂತ ಹೆಚ್ಚು ಜನರನ್ನು ಹಿಡಿದಿರುವ ರೋಗ ಅಂದರೆ ದಾಕ್ಷಿಣ್ಯ. ಹಿರಿಯರಿಗೆ ಮುಜುಗರ ಆಗಬಾರದು, ನೆರೆಯವರಿಗೆ ತೊಂದರೆ ಆಗಬಾರದು ಅಂತ ಎಲ್ಲರೂ ನಗುನಗುತ್ತ ತುಟಿ ಹೊಲಿದುಕೊಂಡಿರುತ್ತಾರೆ. ದಾಕ್ಷಿಣ್ಯಕ್ಕೆ ಬಸಿರಾದವಳಿಗೆ ಹೆರಲು ಜಾಗವಿಲ್ಲ ಅನ್ನುವ ಮಾತು ಇವರನ್ನು ನೋಡಿಯೇ ಹುಟ್ಟಿರಬೇಕು.

"ಹಾಗಾದ್ರೆ ಹಾಕಿದ್ದು ಯಾರು?"

"ನಿಮ್ಮ ಠಾಣೇಲೇ ಇದ್ದಾಳಲ್ಲ. ಫೋನ್ ಮಾಡಿ ಕೇಳಿ."

ಕೇಸಿನಿ ಅವನನ್ನು ನೆಟ್ಟಗೆ ನೋಡಿದಳು. ಹುಡುಗಿ ನಾನಲ್ಲ ಅಂದುಬಿಟ್ಟರೆ ಇವನ ಮುಖದ ಬಣ್ಣ ಹೇಗೆ ಬದಲಾಗುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು. ಠಾಣೆಗೆ ಫೋನ್ ಹಚ್ಚಿ, ಪಹರೆಯ ಹೆಂಗಸಿಗೆ ವಿಲಾಸಿನಿಯ ಕೈಗೆ ಕೊಡಲು ಹೇಳಿದಳು. ಸ್ಪೀಕರ್ ಒತ್ತಿ ಫೋನನ್ನು ಎರಡು ಲೋಟಗಳ ನಡುವೆ ಇಟ್ಟಳು. ಬುದ್ಧಿವಂತೆ ಅನ್ನಿಸಿಕೊಂಡವಳು ಆ ದಿನ ಮಾಡಿದ ದಡ್ಡತನ ಇದೊಂದೇ.

"ವಿಲಾಸಿನಿ, ಊಟ ಮಾಡ್ದ್ಯಾ?"

"ಮಾಡ್ದೆ ಕ್ಯಾಪ್ಟನ್." ದನಿ ಇನ್ನೂ ಕರಕಲಾಗಿತ್ತು. "ನೀವು?"

"ನಾನು ಪ್ರಯೋಗಶಾಲೇಲಿದ್ದೀನಿ. ನನ್ನ ಮುಂದೆ ಎರಡು ಲೋಟ ಇದೆ. ಒಂದ್ರಲ್ಲಿ ಗ್ರಾಫೈಟ್ ಕಡ್ಡಿ, ಒಂದ್ರಲ್ಲಿ ತಂತಿ."

ಆ ಕಡೆಯ ಉಸಿರು ಈ ಗುಳ್ಳೆಗಳ ಸದ್ದಿನಲ್ಲಿ ಬೆರೆಯಿತು.

"ತಂತಿ ಹಾಕಿದ್ದು ನಾನೇ," ಅಂದಳು ವಿಲಾಸಿನಿ.

ಸರವುತ್ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅವನು ತನ್ನ ನೇರಳೆ ಬೆರಳುಗಳನ್ನೇ ನೋಡುತ್ತಿದ್ದ.

"ಬೇಕಂತ ಹಾಕಿದ್ದಲ್ಲ ಕ್ಯಾಪ್ಟನ್. ಬ್ಯಾಂಕಾಕಿಂದ ಬೋಟಿನೋರು ಬರೋ ದಿನ ಕಡ್ಡಿ ಕೈ ಜಾರಿ ಮುರಿದುಹೋಯ್ತು. ಬೇರೆ ಇರ್ಲಿಲ್ಲ. ಡ್ರಾಯರಲ್ಲಿ ತಂತಿ ಇತ್ತು. ಅವರು ಹೋಗೋವರೆಗೆ ಅಂದ್ಕೊಂಡು ಹಾಕ್ದೆ. ಎರಡು ದಿನ ಇದ್ರು. ಗೆರೆ ಏರ್ತಾ ಏರ್ತಾ ಹೋಯ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಆಚಾನ್ ನನ್ನ ತಲೆ ಮೇಲೆ ಕೈಯಿಟ್ರು. ಅವರ ಕಣ್ಣಲ್ಲಿ ನೀರಿತ್ತು. ಆವಾಗ ಹೇಗೆ ಹೇಳ್ಲಿ?"

"ಆಮೇಲೆ?"

"ಆಮೇಲೆ ತಂತಿ ತೆಗೆದ್ರೆ ಪುಡಿಗೆ ವಯಸ್ಸಾಗಿಬಿಡುತ್ತೆ. ಅದಕ್ಕೆ ತೆಗೀಲಿಲ್ಲ."

"ಅವರಿಗೆ ಕೊನೆಗೂ ಹೇಳಲೇ ಇಲ್ವಾ?"

"ಹೇಳ್ದೆ. ಅವರು ಹೋದ್ರಲ್ಲ, ಅವತ್ತು ಬೆಳಿಗ್ಗೆ. ಸಹಿ ಹಾಕೋ ದಿನ ಹತ್ರ ಬಂತು, ತಡ್ಕೊಳ್ಳೋಕಾಗ್ಲಿಲ್ಲ."

ತಾನು ಕಷ್ಟಪಟ್ಟು ಕಂಡುಹಿಡಿದದ್ದು ಹುಡುಗಿಯನ್ನು ಬಿಡಿಸುವ ಬದಲು ಅವಳ ಕೈಗೇ ಕೊಲೆಯ ಕಾರಣ ತಂದುಕೊಟ್ಟಿತ್ತು. ಸರ್ಕಾರಿ ವಕೀಲನಿಗೆ ಇನ್ನೇನು ಬೇಕು?

"ಬೈದ್ರಾ?"

"ಇಲ್ಲ. ಕಿಟಕಿ ಹತ್ರ ತುಂಬ ಹೊತ್ತು ನಿಂತಿದ್ರು. ಆಮೇಲೆ ನಕ್ಕರು. ಅವರಪ್ಪನೂ ಕಲ್ಲು ಸುಡ್ತಿದ್ರಂತೆ. ಅಪ್ಪನ ಕುಲುಮೇಲೂ ಹೀಗೇ ಮೋಸ ಹೋಗ್ತಿದ್ವಿ ಅಂದ್ರು. ಇವತ್ತು ಒಂದು ಸಲ ಅಪ್ಪನ ಥರ ಸುಡ್ತೀನಿ, ಕಬ್ಬಿಣ ಒಂದೇ ನಿಲ್ಲುತ್ತೋ ಇಲ್ವೋ ನೋಡೇಬಿಡ್ತೀನಿ ಅಂದ್ರು."

ಅಪ್ಪನ ಥರ.

ಕೇಸಿನಿ ಕಾಲು ಕೆಳಗಿಟ್ಟಳು. ನೆಲ ತಣ್ಣಗಿತ್ತು. ಚಿಕ್ಕಂದಿನಲ್ಲಿ ಬೀದಿಯ ತುಂಬ ಕುಲುಮೆ ಮನೆಗಳಿದ್ದಾಗ ಕಂಡದ್ದು ನಿಧಾನವಾಗಿ ಕಣ್ಣ ಮುಂದೆ ಬಂತು. ಹೊಸ ಹದ ಹುಡುಕುವ ದಿನ ಸುಡುವವನು ಒಬ್ಬನೇ ಒಳಗೆ ಹೋಗುತ್ತಿದ್ದ. ಯಾರ ಕಣ್ಣೂ ಬೀಳಬಾರದು, ಯಾರ ಕಾಲೂ ಒಳಗೆ ಬರಬಾರದು ಅಂತ ಹೊರಗಿನಿಂದ ಒಬ್ಬ ಚಿಲಕ ಹಾಕಿಕೊಂಡು ಬಾಗಿಲಿಗೆ ಒರಗಿ ಕೂರುತ್ತಿದ್ದ. ಒಳಗಿನವನು ಬಾಗಿಲು ಬಡಿದಾಗ ತೆಗೆಯುತ್ತಿದ್ದ. ಚಿಲಕ ಹಾಕುವ ಕೈ ವೈರಿಯದಲ್ಲ. ಊರಿನಲ್ಲೆಲ್ಲ ಯಾರನ್ನು ಹೆಚ್ಚು ನಂಬುತ್ತಾನೋ ಅವನದು.

ಅದೇ ಬೀದಿಯಲ್ಲಿ ಆಡಿ ಬೆಳೆದವಳು ತಾನು. ಹೊರಗಿನ ಚಿಲಕ ನೋಡಿದ ತಕ್ಷಣ ಕೊಲೆ ಅಂತ ಬರೆದುಕೊಂಡಿದ್ದೂ ತಾನೇ. ಗಾಜಿನ ಕಿಟಕಿ, ಬಿಳೀ ಕೋಟು, ಕಂಪ್ಯೂಟರುಗಳ ನಡುವೆ ಹಳೇ ಬೀದಿಯ ಪದ್ಧತಿ ಅವಳಿಗೆ ಹೊಳೆದೇ ಇರಲಿಲ್ಲ. ಕೇಸಿನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಕೂಡಲೇ ಸಂತೋಷವೂ ಆಯಿತು. ಬಾಗಿಲ ಬಳಿ ಒಬ್ಬರು ಕೂತಿದ್ದರೆ, ಅವರು ಯಾರು ಅಂತ ತಿಳಿದರೆ, ಹುಡುಗಿ ಬಚಾವು.

"ಚಿಲಕ ನೀನು ಹಾಕಿದ್ಯಾ?"

"ನಂಗೆ ಹಾಕೋ ಹಾಗಿಲ್ಲ ಅಂದ್ರು. ಕುಲುಮೆ ಮುಂದೆ ಕೂತು ಕೂದಲು ನರೆತೋರೇ ಹಾಕ್ಬೇಕಂತೆ. ಫೋನ್ ಮಾಡಿ ಅವರಪ್ಪನ ಕಾಲದ ಒಬ್ರನ್ನ ಕರೆಸಿದ್ರು. ಅವರು ಬಂದು ಚಿಲಕ ಹಾಕಿ, ಭುಜದ ಟವೆಲ್ಲಿಂದ ಅದನ್ನ ಒರೆಸಿ, ಕೈಮುಗಿದು ಕೂತ್ಕೊಂಡ್ರು. ನೀನು ಹೋಗಿ ಉಂಡು ಬಾ ಮಗು ಅಂದ್ರು. ನಾನು ಬರೋ ಹೊತ್ತಿಗೆ ಅಲ್ಲಿ ಯಾರೂ ಇರ್ಲಿಲ್ಲ. ಚಿಲಕ ಹಾಗೇ ಇತ್ತು."

ಸುಡುವವರು ಚಿಲಕಕ್ಕೂ ಕೈಮುಗಿಯುತ್ತಾರೆ, ಒರೆಸಿ ಮುಗಿಯುತ್ತಾರೆ. ಬೇರೆ ಬೆರಳಚ್ಚು ಸಿಗದ್ದಕ್ಕೆ ಅದೇ ಕಾರಣ. ಎಲ್ಲವೂ ಕೂಡಿ ಬರುತ್ತಿತ್ತು. ಕೇಸಿನಿ ಮೇಜಿನ ಮೇಲೆ ಬಾಗಿ ಫೋನಿಗೆ ಮುಖ ತಂದಳು.

"ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಗಳೇ? ನಾಳೆ ನಿನ್ನ ಗತಿ ಏನು ಅಂತ ಗೊತ್ತಿದೆ ತಾನೇ? ಯಾರು ಅವರು?"

ಫೋನಿನಲ್ಲಿ ಹುಡುಗಿ ಕೆಮ್ಮಿದಳು.

"ಹೆಸರು ಗೊತ್ತಿಲ್ವಾ?"

"ಅವತ್ತು ಗೊತ್ತಿರ್ಲಿಲ್ಲ ಕ್ಯಾಪ್ಟನ್. ದಹನದ ದಿನ ಗೊತ್ತಾಯ್ತು." ಹುಡುಗಿಯ ದನಿ ಇನ್ನಷ್ಟು ತಗ್ಗಿತು. "ಎಲ್ಲರೂ ಚಿತೆಗೆ ಕಾಗದದ ಹೂವಿಟ್ಟು ಬರ್ತಿದ್ರು. ಅವರೂ ಇಟ್ರು. ಮೆಟ್ಟಿಲು ಇಳಿಯೋವಾಗ ಕಾಲು ನಡುಗ್ತಿತ್ತು. ನೀವು ಮೊಣಕೈ ಹಿಡಿದು ಇಳಿಸಿದ್ರಿ. ಅಪ್ಪಾ ನಿಧಾನ ಅಂದ್ರಿ."

ಕೇಸಿನಿ ಬಾಗಿದ ಹಾಗೇ ಉಳಿದಳು.

ನದಿಯ ಮೇಲಿನ ಹಬೆ ಕಿಟಕಿಯವರೆಗೂ ಬಂದಿತ್ತು. ಒಂದು ಗಳಿಗೆ ಅವಳಿಗೆ ಇದೆಲ್ಲ ಇನ್ನೂ ಮುಗಿಯದ ತೂಕಡಿಕೆ, ಈಗ ಯಾರಾದರೂ ಭುಜ ಅಲುಗಿಸಿ ಎಬ್ಬಿಸುತ್ತಾರೆ ಅನ್ನಿಸಿತು. ನಿನ್ನೆ ಅಪ್ಪ ಎಷ್ಟು ಆರಾಮಾಗಿ ಮೂಸೆಯ ಕತೆ ಹೇಳಿದ್ದ. ತಟ್ಟೆಯಲ್ಲಿ ಅನ್ನ ಮಾತ್ರ ಹಾಗೇ ಬಿಟ್ಟಿದ್ದ. ಈ ಕೇಸಿನ ಬಗ್ಗೆ ಅಷ್ಟೆಲ್ಲ ಕೇಳಿದವನು ಬಾಗಿಲ ಮಾತು ಒಮ್ಮೆಯೂ ಎತ್ತಿರಲಿಲ್ಲ. ಒಳಗಿನಿಂದ ಆಚಾನ್ ಬಾಗಿಲು ಬಡಿದಿದ್ದರೋ ಇಲ್ಲವೋ. ಬಡಿದಿದ್ದರೆ, ಅಪ್ಪ ಎಲ್ಲಿದ್ದ?

ಸರವುತ್ ಎದ್ದು ನಿಂತ. ಬೆರಳುಗಳನ್ನು ಕರವಸ್ತ್ರದಲ್ಲಿ ಒಂದೊಂದಾಗಿ ಒರೆಸಿಕೊಂಡ.

"ನಾನು ಏನೂ ಕೇಳಿಸ್ಕೊಂಡಿಲ್ಲ, ಪೀ," ಅಂದ. ಮಾತು ಮೃದುವಾಗಿತ್ತು. ಅದು ಕರುಣೆಯೋ, ಮುಂದೆ ಬೆಲೆ ಕೇಳಲಿರುವ ಉಪಕಾರವೋ ಅವಳಿಗೆ ತಿಳಿಯಲಿಲ್ಲ. "ಆ ತಂತಿ ನೀವೂ ನೋಡಿಲ್ಲ ಅಂದ್ರೆ, ಇಬ್ಬರಿಗೂ ಒಳ್ಳೇದು."

ಒಂದು ಹೆಸರು ಹೇಳಿದರೆ ಹುಡುಗಿ ನಾಳೆ ಮನೆಗೆ ಹೋಗುತ್ತಾಳೆ. ಅದು ತನ್ನ ಅಪ್ಪನ ಹೆಸರು.

"ಕ್ಯಾಪ್ಟನ್, ಇದ್ದೀರಾ?" ಫೋನಿನಿಂದ ವಿಲಾಸಿನಿ ಕೇಳಿದಳು. "ಬೇಜಾರು ಮಾಡ್ಕೋಬೇಡಿ. ನಾಳೆ ಚಿಲಕ ಹಾಕಿದ್ದು ನಾನೇ ಅಂತ ಹೇಳಿಬಿಡ್ಲಾ?"